ಅಜ್ಜಿಯ ಕಣ್ಣು ಕೊಟ್ಟ ಮನೆ ಮೊಮ್ಮಗನ ಅಂಗದಾನಕ್ಕೆ ಬೇಡ ಅಂದದ್ದು ಯಾಕೆ?

ಮುಧೋಳ ಮಾಸ್ತರ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಮುಧೋಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸ್ತೀನಿ. ಆಗಸ್ಟ್ 3 ಭಾರತೀಯ ಅಂಗದಾನ ದಿನ. 1994ರಲ್ಲಿ ಅದೇ ದಿನ ದೆಹಲಿಯ ಏಮ್ಸ್‌ನಲ್ಲಿ ಡಾ. ವೇಣುಗೋಪಾಲ್ ಅವರ ತಂಡ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿತ್ತು. ಈ ಸಲ ಆ ದಿನ ಪಾಲಕರ ಸಭೆ ಕರೆದು ಈ ವಿಷಯ ಎತ್ತಬೇಕು ಅಂತ ಮನಸ್ಸಿದೆ. ಆದರೆ ಬ್ಯಾನರ್ ಕಟ್ಟಿ, ಒಬ್ಬರಿಂದ ಎಂಟು ಜೀವ ಉಳಿಯುತ್ತೆ ಅಂತ ಭಾಷಣ ಮಾಡಿ, ಚಹಾ ಕುಡಿಸಿ ಕಳಿಸೋದರಿಂದ ಏನಾದರೂ ಆಗುತ್ತಾ ಅನ್ನೋದು ನನ್ನ ಪ್ರಶ್ನೆ.

ಯಾಕೆ ಕೇಳ್ತೀನಿ ಅಂದರೆ, ನಮ್ಮ ಸೋದರಮಾವನ ಮನೆಯಲ್ಲಿ ಅಜ್ಜಿ ತೀರಿಕೊಂಡಾಗ ಮನೆಯವರೇ ಫೋನ್ ಹಚ್ಚಿ ನೇತ್ರ ಭಂಡಾರದವರನ್ನು ಕರೆಸಿ ಕಣ್ಣು ಕೊಟ್ಟರು. ಯಾರೂ ಒತ್ತಾಯ ಮಾಡಿರಲಿಲ್ಲ. ಮುಂದೆ ಅದೇ ಮನೆಯ ಹುಡುಗ, ಮಾವನ ಮಗ, ಲೋಕಾಪುರ ದಾಟಿ ಬೈಕ್ ಮೇಲೆ ಬರುವಾಗ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಹೊಡೆದ. ಕಬ್ಬಿನ ಸೀಜನ್ನು, ರಾತ್ರಿ ಹೊತ್ತು, ಟ್ರೇಲರ್ ಹಿಂದೆ ದೀಪ ಇರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಗೆ ಒಯ್ದರು. ಮೆದುಳು ನಿಷ್ಕ್ರಿಯ ಆಗಿದೆ ಅಂದರು. ಅಂಗಾಂಗ ಕೊಡ್ತೀರಾ ಅಂತ ಕೇಳಿದರು. ಮನೆಯವರು ಕೈಮುಗಿದು ಬೇಡ ಅಂದರು.

ಅದೇ ಮನೆ, ಅದೇ ಮಠ, ಅದೇ ಹಿರಿಯರು. ಹಾಗಾದರೆ ಮೂಢನಂಬಿಕೆ, ಅರಿವಿನ ಕೊರತೆ ಅನ್ನೋ ಎಂದಿನ ವಿವರಣೆ ಇಲ್ಲಿ ನಿಲ್ಲೋದಿಲ್ಲ. ಅವರನ್ನು ದೂರೋದು ನನ್ನ ಉದ್ದೇಶ ಅಲ್ಲ. ಆಸ್ಪತ್ರೆಯಲ್ಲಿ ಇಂಥ ಮಾತು ಎದುರಿಸಿದವರು, ಹೂಂ ಅಂದವರಾಗಲಿ ಬೇಡ ಅಂದವರಾಗಲಿ, ಆ ಹೊತ್ತಿನಲ್ಲಿ ನಿಮ್ಮನ್ನು ಆ ಕಡೆ ಈ ಕಡೆ ಎಳೆದದ್ದು ಏನು ಅಂತ ಬರೀರಿ.

ಐಸಿಯು ಸಿಸ್ಟರ್, ಬೆಳಗಾವಿ

ಸರ್, ಉತ್ತರ ನಿಮ್ಮ ಪ್ರಶ್ನೆದಾಗ ಐತ್ರಿ. ಅಜ್ಜಿ ಕಣ್ಣ ಕೊಡುವಾಗ ಅಜ್ಜಿ ಉಸಿರು ನಿಂತಿತ್ತು, ಮೈ ತಣ್ಣಗಾಗಿತ್ತು, ಮನಿಮಂದಿ ಒಂದ ಸುತ್ತ ಅತ್ತ ಮುಗಿಸಿದ್ರು. ಹುಡುಗನ ಎದಿ ಏರಿಳಿಯಾಕತ್ತಿತ್ತು. ಅವರ ಕಣ್ಣಿಗೆ ಕಂಡ ಸಾವು ಒಂದು, ಡಾಕ್ಟರ್ ಬಾಯಿಂದ ಕೇಳಿದ ಸಾವು ಇನ್ನೊಂದು.

ನಾ ಐಸಿಯುದಾಗ ಭಾಳ ವರ್ಷ ಕೆಲಸ ಮಾಡೀನಿ. ಸವದತ್ತಿ ಕಡೆಯಿಂದ ಬಂದ ಒಬ್ಬ ತಾಯಿ ನನಗ ಇವತ್ತಿಗೂ ಮರಿಯಂಗಿಲ್ಲ. ಡಾಕ್ಟರ್ ಹೇಳಿ ಹೋದ ಮ್ಯಾಲ ಮಗನ ಅಂಗಾಲ ಹಿಡ್ಕೊಂಡ ಕುಂತಿದ್ಲು. "ಅಕ್ಕಾರ, ಬೆಚ್ಚಗ ಅದಾವ್ರಿ, ನೀವಾ ಮುಟ್ಟಿ ನೋಡ್ರಿ" ಅಂದ್ಲು. ಮುಟ್ಟಿದೆ, ಬೆಚ್ಚಗ ಇದ್ವು. ಅಷ್ಟರಾಗ ಆಕಿ ಕೈ ತಾಗಿ ಹುಡುಗನ ಕಾಲಬೆರಳ ಜಗ್ಗಿದ್ವು. ಅದು ಬೆನ್ನುಹುರಿದು. ಮೆದುಳ ಸತ್ತ ಮ್ಯಾಲೂ ಬೆನ್ನುಹುರಿ ಕೈಕಾಲನ್ನ ಹಂಗ ಅಲ್ಲಾಡಸ್ತೈತಿ. ಆದ್ರ ಆ ತಾಯಿಗೆ ನಾ ಏನ ಹೇಳ್ಲಿ? ಮಾನಿಟರ್‌ದಾಗ ನಾಡಿ ಓಡಾಕತ್ತೈತಿ, ಮೂತ್ರದ ಚೀಲ ತುಂಬಾಕತ್ತೈತಿ. ಇಂಥಾದ್ರಾಗ ಸತ್ತಾನ ಅಂದ್ರ ಯಾವ ತಾಯಿ ನಂಬ್ಯಾಳು?

ಪರೀಕ್ಷೆ ಹೆಂಗ ಮಾಡ್ತಾರ ಅನ್ನೋದು ಮಂದಿಗೆ ಗೊತ್ತಿಲ್ಲ, ಅದನ್ನ ನಿಮ್ಮ ಸಭೆದಾಗ ಹೇಳ್ರಿ. ಕಣ್ಣಿಗೆ ಬೆಳಕ ಬಿಡ್ತಾರ, ಕಣ್ಣಪಾಪೆ ಸಣ್ಣದಾಗೂದಿಲ್ಲ. ಕಣ್ಣಗುಡ್ಡಿಗೆ ಹತ್ತಿ ತಾಗಸ್ತಾರ, ರೆಪ್ಪಿ ಮಿಟುಕೂದಿಲ್ಲ. ಕಿವ್ಯಾಗ ತಣ್ಣೀರ ಬಿಡ್ತಾರ, ಕಣ್ಣ ಹೊರಳೂದಿಲ್ಲ. ಕಡೀಕ ವೆಂಟಿಲೇಟರ್ ತಗದು ಬರೇ ಆಕ್ಸಿಜನ್ ಕೊಟ್ಟು, ತಾನಾಗೇ ಒಂದರೆ ಉಸಿರ ಎಳೀತಾನೇನು ಅಂತ ಕಾಯ್ತಾರ. ನಾಲ್ಕ ಮಂದಿ ಡಾಕ್ಟರ್ ಸಹಿ ಬೇಕು. ಕಸಿ ಮಾಡೋ ತಂಡದವರು ಅದರಾಗ ಇರಂಗಿಲ್ಲ. ಕಮ್ಮೀತ ಕಮ್ಮಿ ಆರು ತಾಸ ಬಿಟ್ಟು ಇನ್ನೊಮ್ಮೆ ಎಲ್ಲಾ ಪರೀಕ್ಷೆ ಮೊದಲಿಂದ ಮಾಡ್ತಾರ.

ಇನ್ನೊಂದ ಮಾತು. ಮನಿಯವರು ದಾನ ಬ್ಯಾಡ ಅಂದ್ರ ಎಷ್ಟೋ ಕಡೆ ವೆಂಟಿಲೇಟರ್ ಹಂಗ ಓಡಿಸಿ, ಎದಿ ನಿಲ್ಲೂತನಕ ಕಾಯ್ತಾರ. ನಮ್ಮ ದೇಶದಾಗ ಮೆದುಳ ಸಾವಿನ ಮಾತು ಇರೋದು ಅಂಗಾಂಗ ಕಸಿ ಕಾಯ್ದೆದಾಗ. ದಾನ ಇಲ್ಲಂದ್ರ ಯಂತ್ರ ತಗಿಯಾಕ ಡಾಕ್ಟರ್ರು ಅಂಜತಾರ. ಮನಿಯವರ ಲೆಕ್ಕಕ್ಕ ಇದು ಹೆಂಗ ಕಾಣ್ತೈತಿ ಹೇಳ್ರಿ: ಕೊಟ್ರ ಸತ್ತಂಗ, ಕೊಡದಿದ್ರ ಬದುಕಿದಂಗ. ಕೇರಳದಾಗ 2020ರಾಗ ಸರ್ಕಾರ ಇದನ್ನ ತಿಳಿ ಮಾಡಿ ಆದೇಶ ಹೊರಡಿಸ್ತು, ದಾನ ಇರ್ಲಿ ಬಿಡ್ಲಿ ಮೆದುಳ ಸತ್ರ ಸತ್ತಂಗ ಅಂತ. ಎಲ್ಲಾ ಕಡೆ ಹಂಗಾಗಬೇಕು.

ಬಾಗೇವಾಡಿಯವ

ನಮ್ಮ ಮನೀದು ಹೂಂ ಅಂದ ಕಥಿ. ಅಪ್ಪಾರಿಗೆ ಬಿ.ಪಿ. ಏರಿ ತಲಿಯೊಳಗ ರಕ್ತ ಸೋರಿತ್ತು. ವಿಜಯಪುರದಾಗ ಮೊದಲು, ಅಲ್ಲಿಂದ ಬ್ಯಾರೆ ಊರಿಗೆ ಒಯ್ದಿವಿ.

ಸಿಸ್ಟರ್ ಬರದದ್ದು ಖರೆ. ನಮಗೂ ಅಪ್ಪಾರ ಮಾರಿ ನೋಡಿದ್ರ ಮಲಗ್ಯಾರ ಅನ್ನಿಸ್ತಿತ್ತು. ಆದ್ರ ಅಲ್ಲಿ ಡಾಕ್ಟರ್ ಮೊದಲ ರಾತ್ರಿನೇ ಕೂಡಿಸಿ ಸ್ಕ್ಯಾನಿನ ಫಿಲ್ಮ್ ಬೆಳಕಿಗೆ ಹಿಡದು ತೋರಿಸಿದ್ರು. "ಇಷ್ಟು ಜಾಗಾದಾಗ ರಕ್ತ ಅದ, ನಾವು ಪೂರಾ ಪ್ರಯತ್ನ ಮಾಡ್ತೀವಿ, ಆದ್ರ ಆಶಾ ಭಾಳ ಇಟ್ಕೋಬ್ಯಾಡ್ರಿ" ಅಂದ್ರು. ದಿನಾ ಎರಡ ಹೊತ್ತು ಅದೇ ಡಾಕ್ಟರ್ ಬಂದು ಮಾತಾಡ್ತಿದ್ರು. ಮುಂದ ಉಸಿರಿನ ಪರೀಕ್ಷೆ ಮಾಡುವಾಗ ನನ್ನನ್ನೂ ಕಾಕಾನ್ನೂ ಒಳಗ ನಿಂದರಿಸಿಕೊಂಡ್ರು. ನಾವಿಬ್ಬರೂ ಅಪ್ಪಾರ ಎದಿನೇ ನೋಡ್ಕೋತ ನಿಂತಿದ್ವಿ. ಅಲ್ಲಾಡ್ಲಿಲ್ಲ. ಹೊರಗ ಬಂದ ಮ್ಯಾಲ ಕಾಕಾ "ಮುಗೀತಪಾ" ಅಂದ್ರು. ಅವ್ವಗ ಅವರೇ ಹೋಗಿ ಹೇಳಿದ್ರು. ಡಾಕ್ಟರ್ ಹೇಳಿದ್ರ ಅವ್ವ ನಂಬ್ತಿದ್ದಿಲ್ಲ, ಮೈದುನ ಕಣ್ಣಾರೆ ನೋಡಿ ಬಂದು ಹೇಳಿದ್ದಕ್ಕ ನಂಬಿದ್ಲು.

ಅಂಗದಾನದ ಸುದ್ದಿ ಅವತ್ತ ಯಾರೂ ತಗೀಲಿಲ್ಲ. ಮರುದಿನ ಬ್ಯಾರೆ ಒಬ್ಬ ಮೇಡಂ ಬಂದು, ಅವ್ವನ ಬಾಜೂಕ ಕೂತು, ಅಪ್ಪಾರ ಬಗ್ಗೆ ಕೇಳಿದ್ರು. ಏನ ಕೆಲಸ ಮಾಡ್ತಿದ್ರು, ಎಂಥ ಮನಶ್ಯಾರು ಅಂತ. ಆಗ ತಂಗಿನೇ ಬಾಯಿ ಬಿಟ್ಲು. 2021ರ ಅಕ್ಟೋಬರ್‌ದಾಗ ಪುನೀತ್ ರಾಜ್‌ಕುಮಾರ್ ತೀರಿಕೊಂಡು, ಅವರ ಕಣ್ಣಿಂದ ನಾಲ್ಕು ಮಂದಿಗೆ ದೃಷ್ಟಿ ಬಂತು ಅಂತ ಟಿ.ವಿ.ಯೊಳಗ ಬಂದಾಗ ಅಪ್ಪಾರು ಊಟಕ್ಕ ಕೂತಿದ್ರು. "ನಂದೂ ಏನರ ಉಪಯೋಗ ಬೀಳೂದಿದ್ರ ಕೊಟ್ಟ ಬಿಡ್ರಿ" ಅಂದಿದ್ರು. ಫಾರ್ಮ್ ಇಲ್ಲ, ಕಾರ್ಡ್ ಇಲ್ಲ. ಆ ಒಂದ ಮಾತಿನ ಮ್ಯಾಲ ನಾವು ಸಹಿ ಹಾಕಿದ್ವಿ. ನಿರ್ಧಾರ ನಮ್ಮದು ಅಂತ ನಮಗ ಅನಿಸ್ಲೇ ಇಲ್ಲ, ಅಪ್ಪಾರೇ ಮಾಡಿ ಹೋಗಿದ್ರು.

ನೇರ ಮಾತು, ಚಿಕ್ಕೋಡಿ

ಬಾಗೇವಾಡಿ ಅಣ್ಣಾರ, ನಿಮಗ ಅಂಥಾ ಡಾಕ್ಟರ್ ಸಿಕ್ರು, ಪುಣ್ಯ. ನಮಗ ಸಿಗಲಿಲ್ಲ.

ನಮ್ಮ ಅಣ್ಣನ್ನ ದಾಖಲ ಮಾಡಿದ ದವಾಖಾನಿದಾಗ ಮೊದಲ ಕೇಳಿದ್ದು ಅಡ್ವಾನ್ಸ್. ಐಸಿಯು ಬಾಗಿಲದಾಗ ನಿಂತು ದಿನಕ್ಕ ಐದ ನಿಮಿಷ ಕಿಟಕಿಯಿಂದ ನೋಡೂದು. ಏನಾಗೇತಿ ಅಂತ ಕೇಳಿದ್ರ ಸಿಸ್ಟರ್ ಡಾಕ್ಟರ್ ಕಡೆ ಕೈ ತೋರಸ್ತಾರ, ಡಾಕ್ಟರ್ ರೌಂಡ್ಸ್ ಮುಗಿಸಿ ಇನ್ನೊಂದ ಬಾಗಿಲದಿಂದ ಹೋಗ್ತಾರ. ವೈನಿ ಬಂಗಾರ ಒತ್ತಿ ಇಟ್ಟು ರೊಕ್ಕ ತುಂಬಿದ್ವಿ. ಕಡೀಕ ಒಂದಿನ ನಮ್ಮನ್ನ ಎ.ಸಿ. ಖೋಲಿದಾಗ ಕೂಡಿಸಿ, ನೀರ ಕೊಟ್ಟು, ಭಾಳ ಮರ್ಯಾದಿಲೆ ಮಾತಾಡಿದ್ರು. ಅಂಗಾಂಗದ ಮಾತು. ಅಷ್ಟ ದಿನ ಇಲ್ಲದ ಮರ್ಯಾದಿ ಅವತ್ತ ಎಲ್ಲಿಂದ ಬಂತು? ನನಗ ಅನಿಸಿದ್ದು ಒಂದೇ, ಇವರಿಗೆ ನಮ್ಮ ಅಣ್ಣ ಬೇಕಾಗಿಲ್ಲ, ಅಣ್ಣನ ಕಿಡ್ನಿ ಬೇಕಾಗ್ಯಾವು. ಬ್ಯಾಡ ಅಂದೆ. ಇವತ್ತ ಕೇಳಿದ್ರೂ ಅವರಿಗೆ ಬ್ಯಾಡ ಅಂತಾನ ಅಂತೀನಿ.

ಮತ್ತ ಕೊಟ್ಟ ಅಂಗ ಯಾರಿಗೆ ಹೋಗ್ತಾವು? ಬೆಂಗಳೂರಿನ ರೊಕ್ಕಸ್ಥರಿಗೆ. ಕೊಡಾವ ಹೊಲದಾಗ ದುಡಿಯಾವ, ತಗೊಳ್ಳಾವ ಬಂಗ್ಲೆದಾಗ ಇರಾವ. ಇದನ್ನ ಯಾರೂ ಬ್ಯಾನರ್ ಮ್ಯಾಲ ಬರಿಯಂಗಿಲ್ಲ.

ಮಾಜಿ ಸಂಯೋಜಕಿ

ಚಿಕ್ಕೋಡಿ ಸಹೋದರರೇ, ನಿಮ್ಮ ಮಾತಿಗೆ ನಾನು ಎದುರಾಡೋದಿಲ್ಲ. ಕಸಿ ಸಂಯೋಜಕಿಯಾಗಿ ಕೆಲಸ ಮಾಡಿದವಳು ನಾನು. ಬಾಗೇವಾಡಿಯವರ ಅವ್ವನ ಪಕ್ಕ ಕೂತರಲ್ಲ, ಅದೇ ಕೆಲಸ. ಹೂಂ ಅಥವಾ ಬೇಡ ಅನ್ನೋದು ನಾವು ಕೇಳುವ ದಿನಕ್ಕಿಂತ ಎಷ್ಟೋ ಮೊದಲೇ ತೀರ್ಮಾನ ಆಗಿರುತ್ತೆ. ದಾಖಲಾದ ದಿನ ಯಾರು ಮಾತಾಡಿಸಿದರು, ಹೊರಗೆ ಕೂರೋಕೆ ಜಾಗ ಇತ್ತಾ, ಸುದ್ದಿಯನ್ನ ಕಾರಿಡಾರಿನಲ್ಲಿ ನಿಂತು ಹೇಳಿದರಾ ಕೂಡಿಸಿ ಹೇಳಿದರಾ, ಬಿಲ್ಲಿನ ಲೆಕ್ಕ ಬಿಡಿಸಿ ಕೊಟ್ಟರಾ. ಸರಿಯಾಗಿ ನೋಡಿಕೊಂಡಿಲ್ಲ ಅನ್ನೋ ಅನುಮಾನ ಇದ್ದ ಮನೆಯವರು ಕೊಟ್ಟದ್ದನ್ನ ನಾನು ನೋಡಿಲ್ಲ. ಕೊಡಲೂಬಾರದು ಅಂತ ನಾನು ಅನ್ನೋದಿಲ್ಲ, ಆದರೆ ಅವರ ಬೇಡ ಅನ್ನೋದಕ್ಕೆ ಅರ್ಥ ಇದೆ.

ಸಾವಿನ ಸುದ್ದಿಯನ್ನೂ ದಾನದ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಬಾರದು. ಸಾವು ಮನಸ್ಸಿಗೆ ಇಳಿಯೋಕೆ ಹೊತ್ತು ಬೇಕು. ಅದು ಇಳಿಯೋ ಮೊದಲು ಕೇಳಿದರೆ, ಮನೆಯವರ ಕಿವಿಗೆ "ನಿಮ್ಮ ಮಗನನ್ನ ಬಿಟ್ಟುಕೊಡಿ" ಅಂತ ಕೇಳಿಸುತ್ತೆ. ಸ್ಪೇನ್ ದೇಶ ಇದರಲ್ಲಿ ಜಗತ್ತಿಗೇ ಮುಂದಿದೆ. ಅಲ್ಲಿ ಕಾನೂನಿನ ಪ್ರಕಾರ ಬೇಡ ಅಂತ ಬರೆದಿಡದ ಎಲ್ಲರೂ ದಾನಿಗಳೇ. ಆದರೂ ಅವರು ಮನೆಯವರನ್ನ ಕೇಳದೆ ಮುಟ್ಟೋದಿಲ್ಲ. 1989ರಲ್ಲಿ ರಾಷ್ಟ್ರೀಯ ಸಂಸ್ಥೆ ಕಟ್ಟಿ, ಆಸ್ಪತ್ರೆ ಆಸ್ಪತ್ರೆಗೂ ತರಬೇತಿ ಪಡೆದ ಸಂಯೋಜಕರನ್ನ ಇಟ್ಟರು. ಅಲ್ಲಿ ಕೆಲಸ ಮಾಡಿದ್ದು ಆ ಜನ, ಕಾನೂನಿನ ಸಾಲಲ್ಲ ಅಂತ ನಾನು ನಂಬಿದ್ದೇನೆ. ನಮ್ಮಲ್ಲಿ ಹತ್ತು ಲಕ್ಷ ಜನಕ್ಕೆ ಒಬ್ಬ ಮೃತ ದಾನಿಯೂ ಸಿಗ್ತಿಲ್ಲ.

ದುಡ್ಡಿನ ಬಗ್ಗೆ: ಒಪ್ಪಿಗೆ ಕೊಟ್ಟ ಮೇಲೆ ದೇಹವನ್ನ ಕಾಪಾಡುವ ಖರ್ಚು, ಅಂಗ ತೆಗೆಯುವ ಖರ್ಚು ದಾನಿಯ ಮನೆಯವರ ಮೇಲೆ ಹಾಕುವಂತಿಲ್ಲ. 2014ರ ಅಂಗಾಂಗ ಕಸಿ ನಿಯಮದಲ್ಲೇ ಇದೆ. ಆದರೆ ಅದಕ್ಕಿಂತ ಹಿಂದಿನ ಚಿಕಿತ್ಸೆಯ ಬಿಲ್ ಬೇರೆ. ಈ ಎರಡನ್ನ ಬಿಡಿಸಿ ಹೇಳದಿದ್ದರೆ, ಬಿಲ್ ಮಾಫಿ ಮಾಡ್ತೀವಿ ಅಂತ ಆಸೆ ತೋರಿಸಿದಂಗೂ ಆಗುತ್ತೆ, ಬಿಲ್ ಕಟ್ಟದಿದ್ದರೆ ಕೊಡಬೇಕು ಅಂತ ಹೆದರಿಸಿದಂಗೂ ಆಗುತ್ತೆ. ಅಂಗಕ್ಕೆ ಹಣ ಕೊಡೋದು, ತಗೊಳ್ಳೋದು ಎರಡೂ ಅಪರಾಧ. 2011ರಲ್ಲಿ ಕಸಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಐದರಿಂದ ಹತ್ತು ವರ್ಷ ಜೈಲು, ಇಪ್ಪತ್ತು ಲಕ್ಷದಿಂದ ಒಂದು ಕೋಟಿವರೆಗೆ ದಂಡ.

ಯಾರಿಗೆ ಹೋಗುತ್ತೆ ಅನ್ನೋದಕ್ಕೆ ರಾಜ್ಯದಲ್ಲಿ ಜೀವಸಾರ್ಥಕತೆ ಅಂತ ಸರ್ಕಾರಿ ಸಂಸ್ಥೆ ಇದೆ. ಹೆಸರು ನೋಂದಾಯಿಸಿದವರ ಸರದಿ ಪಟ್ಟಿ, ರಕ್ತದ ಗುಂಪು, ರೋಗದ ತೀವ್ರತೆ, ದೂರ ಇದನ್ನೆಲ್ಲ ನೋಡಿ ಹಂಚ್ತಾರೆ. ಹೃದಯ ನಾಲ್ಕರಿಂದ ಆರು ತಾಸಿನೊಳಗೆ ಕೂಡಿಸಬೇಕು. ಧಾರವಾಡದಿಂದ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಗೆ ಹೃದಯ ತಂದಾಗ ಪೊಲೀಸರು ದಾರಿ ಖಾಲಿ ಮಾಡಿಸಿದ್ದು ಅದಕ್ಕೇ. ಬಡವರಿಗೆ ಕಸಿ ಮಾಡಿಸೋಕೆ ಬಿಪಿಎಲ್ ಕಾರ್ಡಿನ ಮೇಲೆ ರಾಜ್ಯ ಸರ್ಕಾರದ ಯೋಜನೆ ಇದೆ. ಆದರೂ ಕಸಿ ಮಾಡುವ ಆಸ್ಪತ್ರೆ ಬಹಳ ಮಟ್ಟಿಗೆ ಖಾಸಗಿಯಾಗಿರೋತನಕ ನಿಮ್ಮ ಅಸಮಾಧಾನ ಪೂರ್ತಿ ಹೋಗೋದಿಲ್ಲ, ಅದನ್ನೂ ಒಪ್ತೀನಿ.

ನೇರ ಮಾತು, ಚಿಕ್ಕೋಡಿ

ಅಕ್ಕಾರ, ನೀವು ಹೇಳಿದ ಎರಡ ಬಿಲ್ಲಿನ ಮಾತು ನನಗ ಅವತ್ತ ಯಾರೂ ಹೇಳಿದ್ದಿಲ್ಲ. ಬರದಿದ್ದಕ್ಕ ಧನ್ಯವಾದ.

ಸವಿತಾ, ಗೋಕಾಕ ತಾಲೂಕು

ಇಲ್ಲಿ ಬರೆಯೋದೋ ಬೇಡವೋ ಅಂತ ಯೋಚನೆ ಮಾಡಿ ಬರೀತಿದ್ದೀನಿ. ಎಲ್ಲರೂ ಮನೆಯವರು, ಮನೆಯವರು ಅಂತೀರಿ. ಮನೆಯವರು ಅಂದರೆ ಯಾರು?

ನನ್ನ ಯಜಮಾನರು ಟವರ್ ಕೆಲಸದಲ್ಲಿ ಮೇಲಿಂದ ಬಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಸುದ್ದಿ ಹೇಳಿದ್ದು ನನ್ನ ದೊಡ್ಡ ಮೈದುನನಿಗೆ, ನನ್ನ ಯಜಮಾನರ ಸೋದರಮಾವನಿಗೆ, ಊರಿಂದ ಬಂದ ಒಬ್ಬ ಪಂಚಾಯಿತಿ ಸದಸ್ಯರಿಗೆ. ನಾನು ಎದುರುಗಡೆ ಬೆಂಚಿನ ಮೇಲೆ ಮಗುವನ್ನ ಮಲಗಿಸಿಕೊಂಡು ಕೂತಿದ್ದೆ. ಅವರೆಲ್ಲ ನನ್ನ ಕಡೆ ನೋಡ್ತಿದ್ದರು, ಮಾತಾಡ್ತಿದ್ದರು, ಮತ್ತೆ ನೋಡ್ತಿದ್ದರು. ಅಂಗದಾನ ಕೇಳಿದರು ಅಂತ ನನಗೆ ಗೊತ್ತಾಗಿದ್ದು ದಿವಸದ ಕಾರ್ಯ ಮುಗಿದ ಮೇಲೆ, ಓರಗಿತ್ತಿಯ ಬಾಯಿಂದ. "ನಿನಗ ಯಾಕ ತ್ರಾಸ ಕೊಡೂದು ಅಂತ ಕೇಳ್ಲಿಲ್ಲ" ಅಂದರು.

ಅವರದ್ದು ಪ್ರೀತಿಯೇ. ಆದರೆ ನನ್ನ ಯಜಮಾನರು ರಕ್ತದಾನ ಶಿಬಿರ ಎಲ್ಲಿದ್ದರೂ ಹೋಗ್ತಿದ್ದರು. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡು ಅವರ ಮನೆಯವರು ಅಂಗಾಂಗ ಕೊಟ್ಟ ಸುದ್ದಿ ಓದಿ ನನ್ನ ಮುಂದೆ ಪೇಪರ್ ಹಿಡಿದು, ನೋಡು ಎಂಥ ಮನಸ್ಸು ಅಂದಿದ್ದರು. ನನ್ನನ್ನ ಕೇಳಿದ್ದರೆ ನಾನು ಏನು ಹೇಳ್ತಿದ್ದೆ ಅಂತ ಖಂಡಿತವಾಗಿ ಹೇಳಲಾರೆ. ಬೇಡ ಅಂತಲೇ ಹೇಳ್ತಿದ್ದೆನೇನೋ. ಆದರೆ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಆ ಜಾಗದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದವಳನ್ನ ಬಿಟ್ಟು ಎಲ್ಲರನ್ನೂ ಕೇಳಿದರು.

ಮಾಜಿ ಸಂಯೋಜಕಿ

ಸವಿತಾ, ನೀವು ಬರೆದದ್ದು ಬಹಳ ಮುಖ್ಯ. ಕಾಯ್ದೆ ಹತ್ತಿರದ ಸಂಬಂಧಿ ಅಂತ ಹೇಳೋದು ಗಂಡ ಅಥವಾ ಹೆಂಡತಿ, ಮಗ, ಮಗಳು, ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಅಜ್ಜ, ಅಜ್ಜಿ, ಮೊಮ್ಮಕ್ಕಳು. ಸೋದರಮಾವ ಆ ಪಟ್ಟಿಯಲ್ಲಿ ಇಲ್ಲ, ಪಂಚಾಯಿತಿ ಸದಸ್ಯರು ಅಂತೂ ಇಲ್ಲವೇ ಇಲ್ಲ. ನೀವು ಇದ್ದೀರಿ, ಮೊದಲ ಸಾಲಿನಲ್ಲೇ. ಮತ್ತೊಂದು, ಹತ್ತಿರದ ಸಂಬಂಧಿಗಳಲ್ಲಿ ಒಬ್ಬರ ಆಕ್ಷೇಪ ಇದೆ ಅಂತ ಗೊತ್ತಿದ್ದರೂ ಒಪ್ಪಿಗೆ ಕೊಡುವಂತಿಲ್ಲ. ಅಂದರೆ ಎಲ್ಲರ ಮನಸ್ಸೂ ಒಂದಾಗಬೇಕು ಅನ್ನೋದು ಕಾಯ್ದೆಯಲ್ಲೂ ಇದೆ, ನಮ್ಮ ಊರುಗಳ ರೂಢಿಯಲ್ಲೂ ಇದೆ. ಆದರೆ ಯಾರ ಮನಸ್ಸು ಲೆಕ್ಕಕ್ಕೆ ಅನ್ನೋದರಲ್ಲಿ ಎರಡಕ್ಕೂ ದೂರ ಇದೆ.

ನಾನು ಕೆಲಸದಲ್ಲಿ ಕಂಡದ್ದನ್ನ ಹೇಳ್ತೀನಿ. ಕಾರಿಡಾರಿನಲ್ಲಿ ಮೂವತ್ತು ಜನ ಇರ್ತಾರೆ. ದೊಡ್ಡ ದನಿ ದೂರದ ಸಂಬಂಧಿಯದ್ದು. ಹೆಂಡತಿ, ತಾಯಿ ಗೋಡೆಗೆ ಒರಗಿ ಕೂತಿರ್ತಾರೆ. ಅವರಿಬ್ಬರನ್ನ ಬೇರೆ ಕೋಣೆಗೆ ಕರೆದು ಬಾಗಿಲು ಹಾಕಿ ಮಾತಾಡಿದರೆ ಆ ಮನೆಯ ಮಾತೇ ಬೇರೆ ಇರ್ತಿತ್ತು. ಕೆಲವೊಮ್ಮೆ ಅವರೂ ಬೇಡ ಅಂತಿದ್ದರು. ಸರಿ. ಅದು ಅವರ ಬೇಡ.

ಹುನಗುಂದದಿಂದ

ಯಾರೂ ಹೇಳದ ಒಂದು ಮಾತು: ಊರ ಮಂದಿ. ನಮ್ಮೂರಾಗ ಒಬ್ಬರು ಮಗಳ ಕಿಡ್ನಿ, ಲಿವರ್ ಕೊಟ್ರು. ಆಮ್ಯಾಲ ಅವರು ಮನಿಗೆ ಸ್ಲ್ಯಾಬ್ ಹಾಕಿಸಿದ್ರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಹೊಲದ ಸಾಲ. ಆದ್ರ ಹೋಟೆಲ್ ಕಟ್ಟಿ ಮ್ಯಾಲ ಕುಂತವರು "ಕಿಡ್ನಿ ರೊಕ್ಕ" ಅಂದ್ರು. ತಾಯಿ ಇವತ್ತಿಗೂ ಸಂತಿಗೆ ಹೋಗಂಗಿಲ್ಲ. ಇದನ್ನ ನೋಡಿದವರು ನಾಳೆ ಸಹಿ ಹಾಕ್ತಾರಂತೀರಿ?

ಮುಧೋಳ ಮಾಸ್ತರ್

ಇದನ್ನ ಓದಿ ಸುಮ್ಮನೆ ಕೂತುಬಿಟ್ಟೆ. ತಮಿಳುನಾಡಿನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಅಂಗದಾನ ಮಾಡಿದವರ ಅಂತ್ಯಕ್ರಿಯೆ ಸರ್ಕಾರಿ ಗೌರವದೊಂದಿಗೆ ನಡೆಸೋದಾಗಿ ಮುಖ್ಯಮಂತ್ರಿಗಳು ಘೋಷಿಸಿದರು. ಅದನ್ನ ಓದಿದಾಗ ಇದು ಬರೀ ಮರ್ಯಾದೆ ಮಾತು ಅಂದುಕೊಂಡಿದ್ದೆ. ಈಗ ಅನಿಸ್ತಿದೆ, ಊರ ಮುಂದೆ ಅಧಿಕಾರಿಗಳು ಬಂದು ಹೂವಿನ ಹಾರ ಹಾಕಿದರೆ "ಮಾರಿಕೊಂಡರು" ಅನ್ನೋ ಬಾಯಿ ಮುಚ್ಚುತ್ತೆ.

ಶರಣಪ್ಪ, ನಿವೃತ್ತ, ಇಳಕಲ್

ಧರ್ಮದ ಮಾತು ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ನಮ್ಮಲ್ಲಿ ದೇಹವನ್ನು ಕೂಡಿಸಿ, ವಿಭೂತಿ ಧರಿಸಿ, ಕೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಮಾಡುವ ಪದ್ಧತಿ. ದೇಹ ಪೂರ್ಣ ಇರಬೇಕು ಎಂಬ ಭಾವನೆ ಹಿರಿಯರಲ್ಲಿ ಗಟ್ಟಿ ಇದೆ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವವರ ಮಾತು ನನಗೆ ಸೇರುವುದಿಲ್ಲ. ಸತ್ತವರಿಗೆ ನಾವು ಕೊಡುವ ಕೊನೆಯ ಗೌರವ ಅದು.

ಆದರೆ ಇದೇ ಭಾಗದಲ್ಲಿ ಏನಾಗಿದೆ ನೋಡಿ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದರು. ತಮ್ಮ ದೇಹವನ್ನು ಮಣ್ಣಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಲಕ್ಷ ಲಕ್ಷ ಭಕ್ತರು ಹಾಗೆಯೇ ನಡೆದುಕೊಂಡರು. ರೂಢಿಗೆ ವಿರುದ್ಧ ಎಂದು ಯಾರೂ ಅನ್ನಲಿಲ್ಲ. ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ತಮ್ಮ ತಂದೆಯವರ ದೇಹವನ್ನೇ ವಿದ್ಯಾರ್ಥಿಗಳ ಎದುರು ಛೇದನ ಮಾಡಿ ಪಾಠ ಹೇಳಿದರು, ಏಕೆಂದರೆ ಬೈಲಹೊಂಗಲದ ವೈದ್ಯರಾಗಿದ್ದ ಆ ತಂದೆಯೇ ಹಾಗೆ ಬಯಸಿದ್ದರು. ಅದು ದೇಹದಾನ, ಅಂಗದಾನ ಬೇರೆ, ಗೊತ್ತು. ನಾನು ಹೇಳುವುದು, ಹೋಗುವವರು ಬಾಯಿಬಿಟ್ಟು ಹೇಳಿದ್ದರೆ ಪದ್ಧತಿ ದಾರಿ ಬಿಟ್ಟುಕೊಡುತ್ತದೆ. ಹೇಳದೇ ಹೋದಾಗ ಉಳಿದವರು ಪದ್ಧತಿಯನ್ನೇ ಹಿಡಿದುಕೊಳ್ಳುತ್ತಾರೆ. ಮತ್ತೇನು ಹಿಡಿದುಕೊಳ್ಳಬೇಕು ಅವರು?

ರೇಷ್ಮಾ, ವಿಜಯಪುರ

ಸರ್, ನಮ್ಮಲ್ಲೂ ಹಂಗೇ. ಮಯ್ಯತ್‌ಗೆ, ಅಂದ್ರ ಹೆಣಕ್ಕ, ಗುಸುಲ್ (ಜಳಕಾ) ಮಾಡಿಸಿ ಲಗೂನ ದಫನ್ (ಮಣ್ಣು) ಮಾಡಬೇಕು ಅನ್ನೋ ಆತುರ ಇರ್ತದ. ಅಂಗದಾನ ಅಂದ್ರ ಅರ್ಧ ದಿನ, ಒಂದೊಂದ ಸಲ ಪೂರಾ ದಿನ ತಡ ಆಗ್ತದ. ಬ್ಯಾಡ ಅನ್ನಾಕ ಅದೂ ಒಂದು ಕಾರಣ. ಮೌಲಾನಾ ಅವರನ್ನ ಕೇಳ್ತಾರ. 1988ರಾಗ ಜಿದ್ದಾದಾಗ ಸೇರಿದ ಅಂತರರಾಷ್ಟ್ರೀಯ ಫಿಖ್ (ಇಸ್ಲಾಮಿ ಧರ್ಮಶಾಸ್ತ್ರ) ಅಕಾಡೆಮಿ ಮೃತರ ಅಂಗದಾನ ಷರತ್ತಿನ ಮ್ಯಾಲ ಆಗಬಹುದು ಅಂದದ. ನಮ್ಮ ದೇಶದ ಉಲೇಮಾಗಳೊಳಗ, ಅಂದ್ರ ಧರ್ಮ ಪಂಡಿತರೊಳಗ, ಒಂದೇ ಅಭಿಪ್ರಾಯ ಇಲ್ಲ. ಆದ್ರ ದವಾಖಾನಿಯಿಂದ ರಾತ್ರಿ ಹನ್ನೊಂದಕ್ಕ ಫೋನ್ ಮಾಡಿ ಕೇಳಿದ್ರ ಯಾವ ಮೌಲಾನಾ ಆದ್ರೂ ಏನ ಅಂತಾರ? ಈ ಮಾತು ಜುಮ್ಮಾದ ದಿನ, ಸಾವಿಲ್ಲದ ಹೊತ್ತಿನಾಗ ಆಗಬೇಕು.

ನಮ್ಮ ಮಾಮಾನ ಮನ್ಯಾಗ ಬ್ಯಾಡ ಅಂದ್ರು. ಕಾರಣ ಧರ್ಮ ಅಂದ್ರು. ನಾ ಅಲ್ಲೇ ಇದ್ದೆ. ಖರೆ ಕಾರಣ, ಮಾಮಿಗೆ ಇನ್ನೊಮ್ಮೆ ಮಾರಿ ನೋಡಾಕ ಬಿಡ್ತಾರೋ ಇಲ್ಲೋ ಅನ್ನೋ ಅಂಜಿಕಿ. ಅದನ್ನ ಹೇಳಾಕ ನಾಚಿಕಿ, ಅದಕ್ಕ ಧರ್ಮದ ಹೆಸರ ಹೇಳಿದ್ರು.

ಐಸಿಯು ಸಿಸ್ಟರ್, ಬೆಳಗಾವಿ

ರೇಷ್ಮಾ, ಈ ಅಂಜಿಕಿ ಎಲ್ಲಾರಿಗೂ ಐತಿ. ಅದಕ್ಕ ಎಲ್ಲಾರೂ ಓದ್ರಿ: ಅಂಗ ತಗದ ಮ್ಯಾಲ ಬ್ಯಾರೆ ಆಪರೇಶನ್ ಮಾಡಿದಂಗ ಹೊಲಿಗಿ ಹಾಕಿ, ಮೈ ಒರಸಿ, ಅರಿವಿ ಸುತ್ತಿ ಕೊಡ್ತಾರ. ಮಾರಿ ಹಂಗ ಇರ್ತೈತಿ. ಕೂಡಿಸಾಕೂ ಬರ್ತೈತಿ, ಜಳಕಾ ಮಾಡಸಾಕೂ ಬರ್ತೈತಿ. ಕಣ್ಣ ಕೊಟ್ರೂ ತಗ್ಗ ಕಾಣೂದಿಲ್ಲ.

ಮಾಸ್ತರ್ ಹೇಳಿದ ಹುಡುಗನ ಕೇಸಿನಾಗ ಇನ್ನೊಂದ ತೊಡಕೈತಿ. ಅಪಘಾತ ಅಂದ್ರ ಪೊಲೀಸ್ ಕೇಸ್. ಪಂಚನಾಮೆ, ಪೋಸ್ಟ್‌ಮಾರ್ಟಂ ಹೆಂಗಿದ್ರೂ ಆಗತೈತಿ. ಮಂದಿ "ಎರಡ ಸಲ ಕೊಯ್ಯೂದು ಬ್ಯಾಡ" ಅಂತಾರ. ದಾನ ಮಾಡಿದ್ರ ಪೋಸ್ಟ್‌ಮಾರ್ಟಂ ಡಾಕ್ಟರ್ ಅಲ್ಲೇ ಬಂದು ಅದೇ ಹೊತ್ತಿಗೆ ನೋಡಬಹುದು, ಪೊಲೀಸರ ಒಪ್ಪಿಗಿ ತಗೊಂಡು. ಇದನ್ನ ಮೊದಲ ಹೇಳೂದಿಲ್ಲ, ಆಮ್ಯಾಲ ಠಾಣೆಗೆ ಅಡ್ಡಾಡಸ್ತಾರ. ಹೂಂ ಅಂದವರೂ ಬ್ಯಾಸತ್ತ ಹೋಗ್ತಾರ.

ಜಮಖಂಡಿ, ಡಯಾಲಿಸಿಸ್

ನಾನು ಈ ಸಾಲಿನ ಇನ್ನೊಂದ ತುದಿಯಾಗ ಅದೀನಿ. ಎರಡೂ ಕಿಡ್ನಿ ಹೋಗ್ಯಾವು. ಡಯಾಲಿಸಿಸ್ ಮ್ಯಾಲ ಅದೀನಿ, ಜೀವಸಾರ್ಥಕತೆ ಪಟ್ಟಿದಾಗ ಹೆಸರೈತಿ. ಬೇಸಿಗಿದಾಗ ನೀರಡಿಕಿ ಆದ್ರೂ ಲೆಕ್ಕ ಹಾಕಿ ಕುಡೀಬೇಕು. ಮನಿಯಾಕಿ ಕೊಡ್ತೀನಿ ಅಂದ್ಲು, ಆಕಿಗೂ ಸಕ್ಕರಿ ಕಾಯಿಲೆ, ಡಾಕ್ಟರ್ ಆಗೂದಿಲ್ಲ ಅಂದ್ರು.

ಚಿಕ್ಕೋಡಿ ಅಣ್ಣಾರ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ನಿಮ್ಮ ಜಾಗಾದಾಗ ನಾನಿದ್ರೂ ಅವರಿಗೆ ಬ್ಯಾಡ ಅಂತಿದ್ದೆ. ಒತ್ತಾಯದಿಂದ ಬಂದ ಕಿಡ್ನಿ ನನಗ ಬ್ಯಾಡ. ಒಂದ ಮಾತ್ರ ಹೇಳ್ತೀನಿ, ಪಟ್ಟಿದಾಗ ಇರೋರು ಬರೇ ಬಂಗ್ಲೆದವರಲ್ಲ. ನಾನು ಎರಡ ಎಕರೆ ಗೋವಿನಜೋಳ ಬೆಳೆಯಾವ. ನನ್ನ ಬಾಜೂ ಬೆಡ್‌ದಾಗ ಬರೋದು ಒಬ್ಬ ಬಸ್ ಕಂಡಕ್ಟರ್, ಆಚೆ ಬೆಡ್‌ದಾಗ ಕಾಲೇಜ್ ಹುಡುಗಿ.

ನೇರ ಮಾತು, ಚಿಕ್ಕೋಡಿ

ಅಣ್ಣಾರ, ನಿಮ್ಮ ಬರಹ ಓದಿದೆ. ನ್ಯಾಯಾ ಅಷ್ಟ ಬೇಕಾಗಿತ್ತು ನನಗ. ನಮ್ಮ ಅಣ್ಣನ್ನ ಮೊದಲ ದಿನದಿಂದ ಮನಶ್ಯಾನಂಗ ನೋಡಿದ್ರ ನಾ ಯಾಕ ಬ್ಯಾಡ ಅಂತಿದ್ದೆ? ನಿಮಗ ಲಗೂನ ಸಿಗ್ಲಿ.

ಮುಧೋಳ ಮಾಸ್ತರ್

ನಾನು ಮೊನ್ನೆ ಮಾವನ ಮನೆಗೆ ಹೋಗಿ, ಬಹಳ ಹಿಂಜರಿದು, ಅತ್ತೆಯ ಹತ್ತಿರ ಮಾತು ತೆಗೆದೆ. ಸುದ್ದಿ ಹೇಳಿದವರೇ ಅದೇ ಗಳಿಗೆಯಲ್ಲಿ, ನಿಂತ ಜಾಗದಲ್ಲೇ ದಾನದ ಮಾತೂ ಕೇಳಿದ್ದರಂತೆ. ಅತ್ತೆ ಅಂದದ್ದು: "ಅವ್ವನ ಕಣ್ಣ ಕೊಡುವಾಗ ಅವ್ವ ನಮಗ ಹೇಳಿದ್ಲು. ಹುಡುಗ ಏನೂ ಹೇಳಿರಲಿಲ್ಲ. ಇಪ್ಪತ್ತ ವರ್ಷದವನ ಮುಂದ ಸಾವಿನ ಮಾತ ಯಾರು ಆಡ್ತಾರಪಾ?" ಅಜ್ಜಿಗೂ ಮೊಮ್ಮಗನಿಗೂ ಇದ್ದ ವ್ಯತ್ಯಾಸ ಇಷ್ಟೇ ಅಲ್ಲ, ಸಿಸ್ಟರ್ ಹೇಳಿದ ಬೆಚ್ಚಗಿನ ಮೈಯೂ ಹೌದು, ಠಾಣೆಯೂ ಹೌದು. ಆದರೂ ಅತ್ತೆಯ ಮಾತು ನನ್ನ ಸಭೆಗೆ ದಾರಿ ತೋರಿಸಿತು.

ಪ್ರತಿಜ್ಞಾ ಪತ್ರ ಹಂಚುವುದನ್ನ ಈ ಸಲ ಕೈಬಿಡ್ತೀನಿ. ಪತ್ರ ಕಪಾಟಿನಲ್ಲಿ ಉಳಿಯುತ್ತೆ, ಮನೆಯವರಿಗೆ ಗೊತ್ತೇ ಇರೋದಿಲ್ಲ. ಮಕ್ಕಳಿಗೆ ಒಂದು ಕೆಲಸ ಕೊಡ್ತೀನಿ: ಮನೆಯಲ್ಲಿ ಊಟದ ಹೊತ್ತಿಗೆ ಅಪ್ಪ, ಅವ್ವ, ಅಜ್ಜ ಎಲ್ಲರನ್ನೂ "ನಿಮ್ಮ ಇಚ್ಛೆ ಏನು" ಅಂತ ಕೇಳಿ, ತಾವೂ ಹೇಳಿ ಬರೋದು. ಹೂಂ ಆಗಲಿ ಬೇಡ ಆಗಲಿ. ಸಿಸ್ಟರ್, ನಾಲ್ಕು ಡಾಕ್ಟರ ಪರೀಕ್ಷೆ ಬಗ್ಗೆ ನೀವೇ ಬಂದು ಹೇಳಿದರೆ ಬಹಳ ಉಪಕಾರ. ಸವಿತಾ ಅವರೇ, ನಿಮ್ಮನ್ನ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ಬರೋದಾದರೆ ಹೆಸರು ಹೇಳಬೇಕಿಲ್ಲ.

ಐಸಿಯು ಸಿಸ್ಟರ್, ಬೆಳಗಾವಿ

ಡ್ಯೂಟಿ ಬದಲ ಮಾಡ್ಕೊಂಡ ಬರ್ತೀನ್ರಿ.

ಸವಿತಾ, ಗೋಕಾಕ ತಾಲೂಕು

ಬರ್ತೀನಿ ಸರ್. ಹೆಸರು ಹೇಳಿಯೇ ಮಾತಾಡ್ತೀನಿ. ಒಂದು ಕೋರಿಕೆ: ಪಾಲಕರ ಸಭೆ ಅಂದರೆ ಅಪ್ಪಂದಿರು ಕುರ್ಚಿ ಮೇಲೆ ಮುಂದೆ, ಅವ್ವಂದಿರು ಬಾಗಿಲ ಹತ್ತಿರ ಕೆಳಗೆ ಕೂರ್ತಾರೆ. ಅವತ್ತು ಅವ್ವಂದಿರನ್ನ ಮುಂದೆ ಕೂಡಿಸ್ರಿ. ಮತ್ತೆ ಸಭೆ ಸಂಜೆ ಇಟ್ಟುಕೊಳ್ಳಿ, ಕಳೆ ತೆಗೆಯೋ ಕೆಲಸ ಮುಗಿದ ಮೇಲೆ. ಇಲ್ಲದಿದ್ದರೆ ಯಾರೂ ಬರೋದಿಲ್ಲ.